ತಟ್ಟೆ ಇಡ್ಲಿ ಗಾತ್ರದ ಅಕ್ಷರ

ಬೆಂಗಳೂರು ಕಡೆಯಿಂದ ತುಮಕೂರಿಗೆ ಬರುವವರಿಗೆ ಊರಿಗಿಂತ ಮೊದಲು ಕ್ಯಾತ್ಸಂದ್ರ ಸಿಗುತ್ತದೆ. ಅಲ್ಲಿ ಕಾರುಗಳು ತಾವಾಗಿಯೇ ನಿಧಾನವಾಗುತ್ತವೆ. ಬೇರೆ ಊರುಗಳಲ್ಲಿ ಅಂಗೈಯಲ್ಲಿ ಕೂರುವಷ್ಟಿದ್ದ ಇಡ್ಲಿಯನ್ನು ಹಿಡಿದು ತಟ್ಟೆಯಗಲಕ್ಕೆ ಹಿಗ್ಗಿಸಿದ ಧೀರರು ಅಲ್ಲಿಯವರು. ಹಿಗ್ಗಿಸಿದ್ದಕ್ಕೆ ನಾಚಿಕೊಳ್ಳಲಿಲ್ಲ, ಬೋರ್ಡು ಬರೆಸಿ ಹಾಕಿದರು. ಅಂಥವರ ಮಗ್ಗುಲಲ್ಲೇ ಬಾಳುವ ನಾವು ಕಂಪ್ಯೂಟರಿನ ಅಕ್ಷರವನ್ನು ಒಂದು ಸುತ್ತು ಹಿಗ್ಗಿಸಲು ಯಾಕೆ ಇಷ್ಟು ಹಿಂದೆಮುಂದೆ ನೋಡುತ್ತೇವೋ ಕಾಣೆ.

ನಾನು ಆ ಸಂಕೋಚವನ್ನು ಎಂದೋ ಬಿಟ್ಟವನು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದ ಮೇಲೆ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಕೆಲಸ ಹಿಡಿದಿದ್ದೇನೆ. ಕಂಪ್ಯೂಟರು ತಂದ ಹುಡುಗ ಕೇಬಲ್ಲುಗಳನ್ನೆಲ್ಲ ಸಿಕ್ಕಿಸಿ, "ಎಲ್ಲಾ ಸೆಟ್ ಆಗಿದೆ ಸಾರ್, ಏನೂ ಮುಟ್ಟೋಕೆ ಹೋಗ್ಬೇಡಿ" ಎಂದು ಹೇಳಿ ಹೊರಟ. ಅವನು ಗೇಟು ದಾಟುವುದರೊಳಗೆ ನಾನು ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿಯಾಗಿತ್ತು. ಅಂದಿನಿಂದ ನನ್ನ ಪುಟ 200 ಪರ್ಸೆಂಟಿನಲ್ಲೇ ಇದೆ. ಮನೆಗೆ ಬಂದವರು ಅದನ್ನು ಕಂಡು ಸುಮ್ಮನಿರುವುದಿಲ್ಲ. "ಏನ್ ಮೇಷ್ಟ್ರೇ, ಪೊರೆ ತೆಗೆಸಿದ್ರಾ?" ಎಂದು ಕನಿಕರದಿಂದ ವಿಚಾರಿಸುತ್ತಾರೆ. ಹಾಗೆ ಕೇಳಿದವರೊಬ್ಬರು ತಮ್ಮ ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ.

ಅಕ್ಷರ ದೊಡ್ಡದಾದರೆ ವಯಸ್ಸು ಬಯಲಾಗುತ್ತದೆ ಎಂಬ ಹೆದರಿಕೆಯೇ ಈ ಸಂಕೋಚಕ್ಕೆಲ್ಲ ಕಾರಣ. ತಲೆಗೆ ಬಣ್ಣ ಬಳಿದು ಮುಚ್ಚಿಟ್ಟದ್ದನ್ನು ಪರದೆ ಹೇಳಿಬಿಟ್ಟರೆ ಗತಿಯೇನು! ಆದರೆ ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಡುಸಾಗುವುದು ಎಲ್ಲರಿಗೂ ಆಗುವಂಥದ್ದು. ಚಾಳೀಸು ಬರದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಕನ್ನಡಕ ಹಾಕಿಸಿಕೊಂಡರೆ ಮುಗಿಯಿತು ಎನ್ನುವ ಹಾಗೂ ಇಲ್ಲ. ಓದುವ ಕನ್ನಡಕವನ್ನು ಪುಸ್ತಕ ಹಿಡಿಯುವ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ ಅಳತೆ ಮಾಡಿ ಕೊಡುತ್ತಾರೆ. ಪರದೆ ಇರುವುದು ಒಂದು ತೋಳಿನ ಆಚೆ, 60 ಸೆಂಟಿಮೀಟರಿನಲ್ಲಿ. ಹೀಗಾಗಿ ಕನ್ನಡಕ ಹಾಕಿದರೆ ಕುತ್ತಿಗೆ ಮುಂದಕ್ಕೆ ಹೋಗುತ್ತದೆ, ತೆಗೆದರೆ ಬೆನ್ನು ಹಿಂದಕ್ಕೆ ಹೋಗುತ್ತದೆ. ಕಚೇರಿಗಳಲ್ಲಿ ಸಂಜೆಯವರೆಗೆ ಹೀಗೆ ಹಿಂದೆ ಮುಂದೆ ತೂಗಾಡಿದವರು ರಾತ್ರಿ ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡು ಕುರ್ಚಿಯನ್ನು ಬೈಯುತ್ತಾರೆ. ಪಾಪ, ಕುರ್ಚಿ ಏನು ಮಾಡೀತು?

ಇನ್ನು ಅಕ್ಷರದ ಎತ್ತರದ ಲೆಕ್ಕ. ಅರುವತ್ತು ಸೆಂಟಿಮೀಟರ್ ದೂರದಿಂದ ಆರಾಮವಾಗಿ ಓದಲು ಇಂಗ್ಲಿಷಿನ ದೊಡ್ಡಕ್ಷರ ಮೂರೂವರೆ ಮಿಲಿಮೀಟರ್ ಎತ್ತರವಾದರೂ ಇರಬೇಕು ಎನ್ನುತ್ತಾರೆ ಬಲ್ಲವರು. ಇದು ಇಂಗ್ಲಿಷಿನ ಲೆಕ್ಕವಾಯಿತು, ಕನ್ನಡದ ಕಷ್ಟ ಬೇರೆ. ಒಂದಂಗುಲಕ್ಕೆ 72 ಪಾಯಿಂಟು. ಹನ್ನೆರಡು ಪಾಯಿಂಟೆಂದರೆ ಅಂಗುಲದಲ್ಲಿ ಆರನೇ ಒಂದು ಭಾಗ. ಅಷ್ಟೇ ಎತ್ತರದಲ್ಲಿ ನಮ್ಮ ಅಕ್ಷರ ಮೇಲೊಂದು ಗುಡಿಸು ಹೊತ್ತುಕೊಂಡು, ಕೆಳಗೊಂದು ಒತ್ತು ಇಳಿಬಿಟ್ಟುಕೊಂಡು ನಿಲ್ಲಬೇಕು. 'ಸ್ವಾತಂತ್ರ್ಯ' ಎಂದರೆ ಒತ್ತಿನ ಪಕ್ಕ ಇನ್ನೊಂದು ಒತ್ತು. ಇವಕ್ಕೆಲ್ಲ ಜಾಗ ಬಿಟ್ಟು ಉಳಿದದ್ದರಲ್ಲಿ ನಡುವಿನ ಅಕ್ಷರ ಮುದುರಿ ಕೂರುತ್ತದೆ. ಅದೇ 12 ಪಾಯಿಂಟಿನ ಇಂಗ್ಲಿಷು ಮಾತ್ರ ಕಾಲು ಚಾಚಿಕೊಂಡು ಕೂತಿರುತ್ತದೆ. ಇಂಗ್ಲಿಷಿಗೆ 100 ಪರ್ಸೆಂಟ್ ಸಾಕೆಂದು ಕನ್ನಡಕ್ಕೂ 100 ಪರ್ಸೆಂಟ್ ಇಡುವುದು ಅನ್ಯಾಯ. ಇದನ್ನು ನಾನು ಭಾಷಾಭಿಮಾನದಿಂದ ಹೇಳುತ್ತಿಲ್ಲ, ಕಣ್ಣುರಿಯಿಂದ ಹೇಳುತ್ತಿದ್ದೇನೆ.

ಇನ್ನು ಮಹಾಪ್ರಾಣದ ಸೀಳು. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ತಳದಲ್ಲಿ ಒಂದು ಕೂದಲೆಳೆಯ ಸೀಳು. ಚಿಕ್ಕ ಅಕ್ಷರದಲ್ಲಿ ಆ ಸೀಳು ಮುಚ್ಚಿಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಅಚ್ಚಾಗುವ ಆಹ್ವಾನ ಪತ್ರಿಕೆಗಳಲ್ಲಿ 'ಪ್ರಶಸ್ತಿ ಪ್ರದಾನ' ಎಂದು ಸರಿಯಾಗಿ ಇದ್ದದ್ದನ್ನು ನಾನು ಕಂಡದ್ದು ಕಡಿಮೆ. ಹೆಚ್ಚಿನವು 'ಪ್ರಶಸ್ತಿ ಪ್ರಧಾನ'. ಪ್ರಶಸ್ತಿಯೇ ಪ್ರಧಾನ ಎಂಬ ಸತ್ಯವನ್ನು ಟೈಪು ಮಾಡಿದವರು ಅರಿವಿಲ್ಲದೆ ಹೇಳಿರುತ್ತಾರೆ, ಅದು ಬೇರೆ ಮಾತು. ಪರದೆಯಲ್ಲಿ ಅಕ್ಷರ ಎರಡು ಪಟ್ಟು ಇದ್ದಿದ್ದರೆ ಆ ಸೀಳು ದೂರದಿಂದಲೇ ಎದ್ದು ಕಾಣುತ್ತಿತ್ತು.

ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಒಂದು ಸುಲಭದ ಪರೀಕ್ಷೆಯಿದೆ. ನೀವು ಕೂರುವ ದೂರದ ಮೂರರಷ್ಟು ಹಿಂದಕ್ಕೆ ಹೋಗಿ ನಿಂತು, ಕಷ್ಟಪಟ್ಟಾದರೂ ಓದಲಾದರೆ ಆ ಗಾತ್ರ ಸರಿ. ಕಷ್ಟಪಟ್ಟು ಓದಬಲ್ಲ ಗಾತ್ರಕ್ಕೂ ಸುಖವಾಗಿ ಓದುವ ಗಾತ್ರಕ್ಕೂ ಸುಮಾರು ಮೂರು ಪಟ್ಟು ಅಂತರವಿರಬೇಕು ಎಂಬುದು ಇದರ ಹಿಂದಿನ ಲೆಕ್ಕ. ನನ್ನ ಕೋಣೆಯಲ್ಲಿ ಮೂರರಷ್ಟು ಹಿಂದಕ್ಕೆ ಹೋದರೆ ಬಾಗಿಲು ದಾಟಿ ಹಾಲಿನಲ್ಲಿರುತ್ತೇನೆ. ಅಂದರೆ ಹಾಲಿನಲ್ಲಿ ಕೂತವರೂ ನನ್ನ ಪರದೆಯನ್ನು ಓದಬಹುದು ಎಂದಾಯಿತು. ನನ್ನ ಹೆಂಡತಿ ಇದನ್ನು ನನಗಿಂತ ಮೊದಲೇ ಕಂಡುಕೊಂಡಿದ್ದಳು. ಅವರೆಕಾಯಿ ಸುಲಿಯುತ್ತಾ ಅಲ್ಲಿಂದಲೇ, "ಮೂರನೇ ಸಾಲಲ್ಲಿ ಲಕ್ಷ್ಮಿಗೆ ಒತ್ತು ಬಿಟ್ಟೋಗಿದೆ ನೋಡ್ರಿ" ಎನ್ನುತ್ತಾಳೆ. ಕರಡು ತಿದ್ದುವ ಸಂಭಾವನೆ ಒಬ್ಬರಿಗೆ ಬರುತ್ತದೆ, ಕೆಲಸ ಇಬ್ಬರು ಮಾಡುತ್ತೇವೆ. ಆದರೆ ಗೆಳೆಯರಿಗೆ ಬರೆಯುವ ಖಾಸಗಿ ಪತ್ರಗಳನ್ನು ನಾನೀಗ ಅವಳು ತರಕಾರಿಗೆ ಹೋದಾಗ ಮಾತ್ರ ಬರೆಯುತ್ತೇನೆ.

ದೊಡ್ಡ ಅಕ್ಷರದ ಈ ಒಂದು ಬಾಧೆಯೇ ಕುಣಿಗಲ್ಲಿನಲ್ಲಿರುವ ನನ್ನ ಬಾಮೈದನನ್ನು ಸಣ್ಣ ಅಕ್ಷರಕ್ಕೆ ಕಟ್ಟಿಹಾಕಿದೆ. ಅವನು ಅಲ್ಲಿ ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಎಲ್ಲವನ್ನೂ 'ನುಡಿ'ಯಲ್ಲಿ ಟಕಟಕನೆ ಟೈಪು ಮಾಡುತ್ತಾನೆ. ಹಳೆಯ ದಫ್ತರಗಳ ಶೈಲಿಯಲ್ಲಿ ಅಂಕಿಗಳೂ ಕನ್ನಡದಲ್ಲೇ ಇರಬೇಕೆಂಬ ಹಟ. ಚಿಕ್ಕ ಅಕ್ಷರದಲ್ಲಿ ೬ ಯಾವುದು, ೯ ಯಾವುದು ಎಂದು ನೋಡಲು ಅವನ ಮೂಗು ಪರದೆಗೆ ತಾಗುವುದೊಂದು ಬಾಕಿ. ಸರ್ವೆ ನಂಬರ್ ೬೯ ಬಂದ ದಿನ ಅವನಿಗೆ ಕುತ್ತಿಗೆ ಉಳುಕುವುದು ಖಂಡಿತ.

"ಅಕ್ಷರ ದೊಡ್ಡದು ಮಾಡ್ಕೊಳ್ಳಯ್ಯ" ಎಂದೆ.

"ಪುಟ ಜಾಸ್ತಿ ಆಗುತ್ತೆ ಭಾವ. ನೋಂದಣಿಗೆ ಹೋದ್ರೆ ಪುಟದ ಲೆಕ್ಕದಲ್ಲಿ ಸ್ಕ್ಯಾನಿಂಗ್ ದುಡ್ಡು. ಪಾರ್ಟಿಗಳು ನನ್ನನ್ನೇ ಬೈತಾರೆ."

ಇದು ಬಹಳ ಜನರಲ್ಲಿರುವ ತಪ್ಪು ತಿಳಿವಳಿಕೆ. ಅಕ್ಷರದ ಗಾತ್ರ ಬದಲಿಸುವುದು ಬೇರೆ, ಪರದೆಯಲ್ಲಿ ಪುಟವನ್ನು ಹಿಗ್ಗಿಸಿ ನೋಡುವುದು ಬೇರೆ. ಮೊದಲನೆಯದರಲ್ಲಿ ನಾಲ್ಕು ಪುಟದ ಪತ್ರ ಏಳು ಪುಟವಾಗುತ್ತದೆ. ಎರಡನೆಯದರಲ್ಲಿ ಕಾಗದಕ್ಕೆ ಗೊತ್ತೇ ಆಗುವುದಿಲ್ಲ. ಪರದೆಯಲ್ಲಿ 200 ಇದ್ದರೂ ಪ್ರಿಂಟರಿನಿಂದ ಹೊರಬರುವುದು ಮೊದಲಿನಷ್ಟೇ. ಇದನ್ನು ವಿವರಿಸಿದೆ. ಬಾಮೈದ ನಕ್ಕು, ದನಿ ತಗ್ಗಿಸಿ ನಿಜವಾದ ಕಾರಣ ಹೇಳಿದ. ಅಂಗಡಿಯಲ್ಲಿ ಅವನ ಬೆನ್ನ ಹಿಂದೆ ಸದಾ ಐದಾರು ಜನ ನಿಂತಿರುತ್ತಾರೆ. ಅಕ್ಷರ ದೊಡ್ಡದಾದರೆ ಯಾರ ಜಮೀನು ಯಾರಿಗೆ, ಎಷ್ಟಕ್ಕೆ ಹೋಯಿತು ಎಂಬುದು ಪತ್ರ ನೋಂದಣಿಯಾಗುವ ಮೊದಲೇ ಊರೆಲ್ಲ ಹರಡುತ್ತದೆ. ಚಕ್ಕುಬಂದಿಯಲ್ಲಿ ಪೂರ್ವಕ್ಕಿರುವ ಹೊಲದವನು ಅಲ್ಲೇ ಹಿಂದೆ ನಿಂತು ತಕರಾರು ತೆಗೆದ ದಿನವೂ ಉಂಟಂತೆ. ಹಾಗಾಗಿ ಗಿರಾಕಿಗಳ ಗುಟ್ಟನ್ನು ಅವನ ಕುತ್ತಿಗೆ ಕಾಯುತ್ತಿದೆ. ಮೇಜನ್ನು ತಿರುಗಿಸಿ, ಬೆನ್ನಿಗೆ ಗೋಡೆ ಬರುವ ಹಾಗೆ ಕೂರಿಸಿ ಬಂದೆ. ಕಿಟಕಿ ಈಗ ಅವನ ಪಕ್ಕಕ್ಕೆ ಬಂದಿದೆ. ಕಿಟಕಿ ಎದುರಿಗಿದ್ದರೆ ಕಣ್ಣಿಗೆ ಹೊಡೆಯುತ್ತದೆ, ಹಿಂದಿದ್ದರೆ ಪರದೆಯಲ್ಲಿ ಹೊಳೆಯುತ್ತದೆ. ಪಕ್ಕದಲ್ಲಿದ್ದರೆ ಎರಡೂ ಇಲ್ಲ.

ಆದರೂ ಅವನ ಬಾಯಿ ಸುಮ್ಮನಿರಬೇಕಲ್ಲ. ಕುಣಿಗಲ್ಲಿನವರಿಗೆ ಕೆರೆ ಬಿಟ್ಟರೆ ಕುದುರೆಯ ಹೆಮ್ಮೆ. ಟಿಪ್ಪುವಿನ ಕಾಲದ್ದೆಂಬ ಹೆಸರು ಹೊತ್ತ ಸ್ಟಡ್ ಫಾರಂ ಇರುವ ಊರು. "ಅಲ್ಲ ಭಾವ, ನಮ್ಮ ಫಾರಮ್ಮಿನ ಕುದುರೆ ಹಗಲೆಲ್ಲ ತಲೆ ತಗ್ಗಿಸಿಕೊಂಡೇ ಮೇಯುತ್ತೆ. ಅದು ಯಾವತ್ತಾದ್ರೂ ಕತ್ತಿಗೆ ಪಟ್ಟಿ ಕಟ್ಕೊಂಡಿದ್ದು ನೋಡಿದ್ದೀರಾ?" ಎಂದ. ಪ್ರಶ್ನೆ ನ್ಯಾಯವಾದದ್ದೇ. ಕುದುರೆಗೆ ತಲೆಬುರುಡೆಯ ಹಿಂಬದಿಯಿಂದ ಹೆಗಲ ತನಕ ಹಿಗ್ಗಿ ಕುಗ್ಗುವ ದಪ್ಪನೆಯ ತಂತೊಂದಿದೆ. ಅಷ್ಟು ಭಾರದ ತಲೆಯನ್ನು ಅದೇ ಹಿಡಿದುಕೊಳ್ಳುತ್ತದೆ, ಮಾಂಸಖಂಡಕ್ಕೆ ಹೆಚ್ಚು ಕೆಲಸವಿಲ್ಲ. ಮನುಷ್ಯನಿಗೂ ಆ ಜಾಗದಲ್ಲಿ ಒಂದು ತಂತು ಇದೆ, ಹೆಸರಿಗೆ ಮಾತ್ರ. ಎದ್ದು ನಿಂತು ನಡೆಯಲು ಕಲಿತ ನಾವು ತಲೆಯನ್ನು ಬೆನ್ನೆಲುಬಿನ ನೆತ್ತಿಯ ಮೇಲೆ ನೇರವಾಗಿ ಇಟ್ಟುಕೊಳ್ಳಬೇಕಾದವರು. ಇಷ್ಟು ಹೇಳಿ, "ನೀನು ಹುಲ್ಲು ಮೇಯೋದಾದ್ರೆ ಬಗ್ಗು" ಎಂದೆ. ಅಕ್ಕನ ಗಂಡನಾದವನಿಗೆ ಇಷ್ಟು ಸಲಿಗೆ ಇರುತ್ತದೆ.

ಕುಣಿಗಲ್ಲಿನ ಕಥೆ ಇದಾದರೆ ಗುಬ್ಬಿಯದು ಇನ್ನೊಂದು. ಅಲ್ಲಿ ನಮ್ಮ ಅಕ್ಕನ ಮನೆ. ಅಕ್ಕನ ಮಗ ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು 2020ರ ಲಾಕ್‌ಡೌನಿನಲ್ಲಿ ಮನೆಗೆ ತಂದವನು, ವಾರದಲ್ಲಿ ಮೂರು ದಿನ ಈಗಲೂ ಅಲ್ಲಿಂದಲೇ ಮಾಡುತ್ತಾನೆ. ಮಿಕ್ಕ ದಿನ ರೈಲಿನಲ್ಲಿ ಓಡಾಟ. ತುಮಕೂರು ದಾಟಿದ ಮೇಲೆ ಸೀಟು ಸಿಕ್ಕರೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚುತ್ತಾನೆ, ಪಕ್ಕದವರ ಇಸ್ಪೀಟಿನ ಎಲೆ ಅದರ ಮೇಲೆ ಬೀಳುತ್ತದೆ. ಮನೆಯಲ್ಲಿ ತನಗಾಗಿ ಒಂದು ಕುರ್ಚಿ ತರಿಸಿಕೊಂಡಿದ್ದಾನೆ. ಅದರ ಬೆಲೆ ಕೇಳಿ ಅಕ್ಕ ಆ ದಿನ ಊಟ ಬಿಟ್ಟಿದ್ದಳು. ತಲೆಗೆ ದಿಂಬು, ಸೊಂಟಕ್ಕೆ ದಿಂಬು, ಕೈಗೆ ಏರಿಸಿ ಇಳಿಸುವ ಹಿಡಿ. ಅಂಥ ಕುರ್ಚಿಯಲ್ಲಿ ಅವನು ಕೂರುವುದು ಹೇಗೆ? ಎರಡೂ ಕಾಲು ಮೇಲೆ ಎಳೆದುಕೊಂಡು, ಬೆನ್ನನ್ನು ಕುರ್ಚಿಗೆ ಸೋಕಿಸದೆ, ಗದ್ದವನ್ನು ಮಂಡಿಯ ಮೇಲಿಟ್ಟು! ದಿಂಬುಗಳು ಅವನ ಹಿಂದೆ ಸುಮ್ಮನೆ ಕಾಯುತ್ತಿರುತ್ತವೆ. ಕಾರಣ ಕುರ್ಚಿಯಲ್ಲ, ಪರದೆ. ಹದಿನಾಲ್ಕು ಅಂಗುಲದ ಪರದೆಯಲ್ಲಿ ಪ್ರೋಗ್ರಾಮು ಪೂರಾ ಒಂದೇ ಸಲ ಕಾಣಬೇಕೆಂದು ಅಕ್ಷರವನ್ನು ಸಾಸಿವೆ ಮಾಡಿಟ್ಟಿದ್ದಾನೆ. ಕಣ್ಣು ಕರೆದ ಕಡೆ ತಲೆ ಹೋಗುತ್ತದೆ, ತಲೆ ಹೋದ ಕಡೆ ಬೆನ್ನು ಹೋಗುತ್ತದೆ. ಹಣ ಕೊಟ್ಟು ತಂದ ಕುರ್ಚಿ ಹಿಂದೆ ಉಳಿಯುತ್ತದೆ.

ಮನುಷ್ಯನ ತಲೆ ಸುಮಾರು ಐದು ಕೆಜಿ. ನೆಟ್ಟಗಿದ್ದಾಗ ಕುತ್ತಿಗೆಗೆ ಅಷ್ಟೇ ಭಾರ. ನ್ಯೂಯಾರ್ಕಿನ ಬೆನ್ನುಮೂಳೆ ವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿ, 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಯ ಮೇಲೆ ಬೀಳುವ ಹೊರೆ 27 ಕೆಜಿಗೆ ಏರುತ್ತದೆ ಎಂದು ಹೇಳಿದ್ದಾರೆ. ಇದನ್ನು ಅಕ್ಕನಿಗೆ ಹೇಳಿದೆ. "ಅದಕ್ಕೇನೋ ಅಡಕೆ ಮೂಟೆ ಎತ್ತು ಬಾರೋ ಅಂದ್ರೆ ಬರಲ್ಲ ಇವನು. ಆಗಲೇ ಹೊತ್ಕೊಂಡಿದ್ದಾನಲ್ಲ!" ಎಂದಳು. ಶನಿವಾರ ಶನಿವಾರ ಅವನ ಕುತ್ತಿಗೆಗೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕುವವಳೂ ಅವಳೇ.

ಅಸಲಿಗೆ ಆ ಮನೆಯಲ್ಲಿ ಸರಿಯಾಗಿ ಕೂತು ಓದುವವಳು ಅಕ್ಕನೊಬ್ಬಳೇ. ಅವಳ ಮೊಬೈಲಿನಲ್ಲಿ ಅಕ್ಷರ ಎಷ್ಟು ದೊಡ್ಡದಾಗಲು ಸಾಧ್ಯವೋ ಅಷ್ಟು ದೊಡ್ಡದು. ಪರದೆಗೆ ನಾಲ್ಕೇ ಪದ ಹಿಡಿಸುತ್ತವೆ. 'ಶುಭೋದಯ' ಎಂಬುದೇ ಎರಡು ಸಾಲಿಗೆ ಒಡೆಯುತ್ತದೆ. ಗೋಡೆಗೆ ಬೆನ್ನು ಕೊಟ್ಟು, ಮೊಬೈಲನ್ನು ಮುಖದ ಎದುರಿಗೆ ತೋಳುದ್ದ ಹಿಡಿದು, ನಿಧಾನವಾಗಿ ಬೆರಳಿನಿಂದ ಮೇಲೆ ತಳ್ಳುತ್ತಾ ಓದುತ್ತಾಳೆ. ಕುತ್ತಿಗೆ ಕೊಂಚವೂ ಬಗ್ಗುವುದಿಲ್ಲ. ಮಗ ನಗುತ್ತಾನೆ, "ನೋಡಿ ಮಾವ, ಒಂದು ಮೆಸೇಜ್ ಓದೋಕೆ ಅಮ್ಮ ಹತ್ತು ಸಲ ಸ್ಕ್ರೋಲ್ ಮಾಡ್ತಾಳೆ." ಅಕ್ಕನದು ಒಂದೇ ಮಾತು, "ನಂಗೇನು ರೈಲು ಹೊರಡುತ್ತಾ?" ಎದುರಿಗಿರುವವರು ಬಗ್ಗದಂತೆ ತಲುಪಿಸಬೇಕಾದದ್ದನ್ನೇ ದೊಡ್ಡದು ಮಾಡುವುದು ಗುಬ್ಬಿಯವರಿಗೆ ಹೊಸ ವಿದ್ಯೆಯೇನಲ್ಲ. ಗುಬ್ಬಿ ವೀರಣ್ಣನವರು ಹೆಸರಾಗಿಸಿದ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಮೈಕು ಇಲ್ಲದ ಆ ಕಾಲದಲ್ಲಿ ಕೊನೆಯ ಸಾಲಿನವನಿಗೂ ಕೇಳುವಂತೆ ನಟರೇ ದನಿ ಎತ್ತಿ ಹಾಡುತ್ತಿದ್ದರು. ಕೇಳದಿದ್ದರೆ ಮುಂದಕ್ಕೆ ಬಗ್ಗಿ ಕೂತುಕೊಳ್ಳಿ ಎಂದು ಪ್ರೇಕ್ಷಕರಿಗೆ ಹೇಳಿದ ಕಂಪನಿ ಉಳಿಯುತ್ತಿತ್ತೆ?

ಲ್ಯಾಪ್‌ಟಾಪಿನ ಹುಟ್ಟಿನಲ್ಲೇ ಒಂದು ದೋಷವಿದೆ. ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಪರದೆ ಕಣ್ಣಿನ ಮಟ್ಟಕ್ಕೆ ಬಂದರೆ ಕೈ ಮೇಲೇಳುತ್ತದೆ, ಕೈ ಸರಿಯಾದರೆ ಕುತ್ತಿಗೆ ಬಗ್ಗುತ್ತದೆ. ಕೀಲಿಮಣೆಯೊಂದನ್ನು ಬೇರೆ ತಂದು ಸಿಕ್ಕಿಸಿ ಲ್ಯಾಪ್‌ಟಾಪನ್ನು ಎತ್ತರಕ್ಕೆ ಇಡುವುದು ಸುಲಭದ ದಾರಿ. ಎತ್ತರಕ್ಕೆ ಇಡಲೆಂದೇ ಸ್ಟ್ಯಾಂಡುಗಳನ್ನು ಮಾರುತ್ತಾರೆ. ಅಕ್ಕ ಅಡುಗೆಮನೆಯಿಂದ ರಾಗಿಹಿಟ್ಟಿನ ಸ್ಟೀಲ್ ಡಬ್ಬಿ ತಂದಿಟ್ಟಳು. ಅಳತೆ ತೆಗೆದು ಮಾಡಿಸಿದಷ್ಟು ಸರಿಹೋಯಿತು. ಒಂದೇ ತೊಂದರೆ, ಮಧ್ಯಾಹ್ನ ಮುದ್ದೆಗೆ ಎಸರು ಇಟ್ಟ ಹೊತ್ತಿಗೆ ಮೀಟಿಂಗು ಮುಗಿದಿರಬೇಕು.

ಬಗ್ಗದೆ ನೋಡುವ ಈ ವಿದ್ಯೆಯ ನಿಜವಾದ ಪಂಡಿತರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೈಗಡಿಯಾರ ಜೋಡಿಸಿ ನಿವೃತ್ತರಾದವರು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಆದರೆ ಇವರ ಕೈಯಲ್ಲಿರುವ ಗಡಿಯಾರ ಇನ್ನೂ ನಿಮಿಷ ತಪ್ಪದೆ ನಡೆಯುತ್ತಿದೆ. ಅಷ್ಟು ವರ್ಷ ಕಣ್ಣಿಗೆ ಕಾಣದಂಥ ಸ್ಕ್ರೂಗಳ ಜೊತೆ ಬದುಕಿಯೂ ಅವರ ಬೆನ್ನು ನೆಟ್ಟಗಿದೆ. ಗುಟ್ಟೇನು ಎಂದರೆ, "ಮೇಜು ಎತ್ತರ ಇತ್ತು ಸಾರ್" ಎನ್ನುತ್ತಾರೆ. ಗಡಿಯಾರದ ಕೆಲಸದ ಮೇಜು ಕೂತವರ ಎದೆಮಟ್ಟಕ್ಕೆ ಇರುತ್ತದೆ. ಮೊಣಕೈ ಮೇಜಿನ ಮೇಲೆ, ಕೆಲಸ ಕಣ್ಣಿನ ಎದುರಿಗೆ, ಕಣ್ಣಿಗೊಂದು ಭೂತಗನ್ನಡಿ. ಚಿಕ್ಕದನ್ನು ನೋಡಲು ಅವರು ಬಗ್ಗಲಿಲ್ಲ. ಚಿಕ್ಕದನ್ನು ಮೇಲೆತ್ತಿದರು, ದೊಡ್ಡದು ಮಾಡಿಕೊಂಡರು, ಕೆಲಸ ಮಾಡಿದರು. ಕಂಪ್ಯೂಟರಿನ ಮುಂದೆ ಕೂರುವವರಿಗೆ ಇದಕ್ಕಿಂತ ಹೆಚ್ಚಿನ ಪಾಠ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲು ಅಕ್ಷರ, ಆಮೇಲೆ ಪರದೆಯ ಎತ್ತರ, ಕುರ್ಚಿ ಕಟ್ಟಕಡೆಗೆ. ನಾವು ತಿರುಗಾಮುರುಗಾ ಮಾಡುತ್ತೇವೆ. ಮೊದಲು ಕುರ್ಚಿಗೆ ದುಡ್ಡು ಸುರಿಯುತ್ತೇವೆ, ದುಡ್ಡೇ ಬೇಡದ ಕೀಲಿಯನ್ನು ಮುಟ್ಟುವುದಿಲ್ಲ.

ಪರದೆಯ ಎತ್ತರದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಲಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೇಲರ್ಧ ದೂರಕ್ಕೆ, ಕೆಳಗರ್ಧ ಓದಿಗೆ ಎಂದು ಮಾಡಿಸಿಕೊಂಡ ಕನ್ನಡಕದವರಿಗೆ ಇದು ಹೊಂದುವುದಿಲ್ಲ. ಅವರು ಕನ್ನಡಕದ ಕೆಳಭಾಗದಿಂದ ಓದಲು ಗದ್ದ ಎತ್ತಲೇಬೇಕು. ಅಂಥವರು ಪರದೆಯನ್ನು ಇನ್ನಷ್ಟು ಕೆಳಗಿಳಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಬೇಕು. ನಮ್ಮೂರಿನ ಕಚೇರಿಯೊಂದರ ಕೌಂಟರಿನಲ್ಲಿ ಇಂಥ ಕನ್ನಡಕದ ಗುಮಾಸ್ತರೊಬ್ಬರಿದ್ದರು. ದಿನವಿಡೀ ಗದ್ದ ಮೇಲೆತ್ತಿ, ರೆಪ್ಪೆ ಕೆಳಗಿಳಿಸಿ ಪರದೆ ನೋಡುತ್ತಿದ್ದರು. ಸರದಿಯಲ್ಲಿ ನಿಂತವರಿಗೆಲ್ಲ ಅವರು ಮಹಾ ಗರ್ವಿಷ್ಠರಂತೆ ಕಾಣುತ್ತಿದ್ದರು. ಅವರು ತೀರಾ ಮೆದು ಸ್ವಭಾವದವರೆಂದು ನನಗೆ ಗೊತ್ತಾದದ್ದು ಬಸ್ ಸ್ಟಾಂಡಿನಲ್ಲಿ ಕನ್ನಡಕ ತೆಗೆದು ಕೂತಾಗ.

ಇಪ್ಪತ್ತರ ನಿಯಮವೊಂದು ಉಂಟು. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ್ದನ್ನು, ಇಪ್ಪತ್ತು ಸೆಕೆಂಡು ನೋಡಬೇಕು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಮರೆಯುತ್ತೇವೆ, ಅದರಿಂದ ಕಣ್ಣು ಒಣಗುತ್ತದೆ. ನಿಯಮ ಒಳ್ಳೆಯದೇ. ಆದರೆ ತುಮಕೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಇಪ್ಪತ್ತು ಅಡಿ ದೂರ ಎಲ್ಲಿಂದ ತರುವುದು? ಕಿಟಕಿ ತೆರೆದರೆ ಐದಡಿಗೆ ಪಕ್ಕದ ಮನೆಯ ಗೋಡೆ, ಅದರ ಮೇಲೆ ಒಣಗಲು ಹಾಕಿದ ಬೆಡ್‌ಶೀಟು. ನಾನು ಮಹಡಿಗೆ ಹೋಗಿ ದೇವರಾಯನದುರ್ಗದ ಬೆಟ್ಟ ನೋಡುತ್ತೇನೆ. ಇಪ್ಪತ್ತು ಸೆಕೆಂಡಿಗೆಂದು ಹತ್ತಿದವನು ಪಕ್ಕದ ಮಹಡಿಯ ಎಚ್‌ಎಂಟಿಯವರ ಜೊತೆ ಅರ್ಧ ಗಂಟೆ ಮಾತಾಡಿ ಇಳಿಯುತ್ತೇನೆ. ಕಣ್ಣಿಗಂತೂ ಬಹಳ ಒಳ್ಳೆಯದಾಗಿದೆ. ಪ್ರಕಾಶಕರು ಮಾತ್ರ ಕರಡು ಯಾಕೆ ತಡ ಎಂದು ಫೋನು ಮಾಡುತ್ತಿರುತ್ತಾರೆ.

ಕೊನೆಗೆ ಸಂಪಾದಕರಲ್ಲಿ ಒಂದು ವಿನಂತಿ. ಈ ಪ್ರಬಂಧವನ್ನು ದಯವಿಟ್ಟು 14 ಪಾಯಿಂಟಿಗಿಂತ ಚಿಕ್ಕದಾಗಿ ಅಚ್ಚು ಹಾಕಬೇಡಿ. ಸಾಲುಗಳ ನಡುವೆ ಒತ್ತಕ್ಷರಗಳು ಕಾಲು ಚಾಚುವಷ್ಟು ಜಾಗ ಬಿಡಿ. ಪುಟ ಸಾಲದೆ ಹೋದರೆ ಕುದುರೆಯ ಪ್ರಸಂಗ ತೆಗೆದುಹಾಕಿ, ಬಾಮೈದನಿಗೆ ನಾನು ಸಮಾಧಾನ ಹೇಳಿಕೊಳ್ಳುತ್ತೇನೆ. ಇನ್ನೂ ಸಾಲದಿದ್ದರೆ ನನ್ನ ಫೋಟೋ ಬಿಡಿ. ಅಕ್ಷರಕ್ಕೆ ಮಾತ್ರ ಕೈ ಹಚ್ಚಬೇಡಿ.